‘ಕಾಂಪ್ಯಾಕ್ಟ್’: ಟೊಪಾಲಜಿಯ ಒಂದು ಪರಿಕಲ್ಪನೆಯ ಅರ್ಥ ಮತ್ತು ಬಳಕೆ

(ಗಣಿತದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಆಸಕ್ತರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಟೊಪಾಲಜಿಯನ್ನು ಕಲಿಯಲು ಕೂತ ವಿದ್ಯಾರ್ಥಿಗೆ ಕೆಲವೇ ವಾರಗಳಲ್ಲಿ ಎದುರಾಗುವ ವ್ಯಾಖ್ಯೆಯೊಂದು ಹೀಗಿದೆ: ಒಂದು ಸ್ಪೇಸನ್ನು ತೆರೆದ ಗಣಗಳಿಂದ ಯಾವ ರೀತಿಯಲ್ಲಿ ಹೊದಿಸಿದರೂ, ಆ ಗಣಗಳ ಪೈಕಿ ಪರಿಮಿತ ಸಂಖ್ಯೆಯ ಕೆಲವನ್ನೇ ಆರಿಸಿಕೊಂಡು ಇಡೀ ಸ್ಪೇಸನ್ನು ಹೊದಿಸಲು ಸಾಧ್ಯವಾದರೆ, ಆ ಸ್ಪೇಸ್ ಕಾಂಪ್ಯಾಕ್ಟ್. (ಟೊಪಾಲಜಿಯಲ್ಲಿ ‘ಸ್ಪೇಸ್’ ಎಂದರೆ ಬಿಂದುಗಳ ಸಮೂಹ; ‘ತೆರೆದ ಗಣ’ ಎಂದರೆ, ಸರಳವಾಗಿ ಹೇಳುವುದಾದರೆ, ತನ್ನ ಪ್ರತಿ ಬಿಂದುವಿನ ಸುತ್ತಲಿನ ಒಂದಿಷ್ಟು ಜಾಗವನ್ನೂ ಒಳಗೊಂಡ ಗಣ.) ವ್ಯಾಖ್ಯೆಯ ವಾಕ್ಯ ಚಿಕ್ಕದು, ಅದರಲ್ಲಿ ಕಷ್ಟದ ಪದ ಯಾವುದೂ ಇಲ್ಲ. ಆದರೂ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮುಂದೆ ಹೋದವರಲ್ಲಿ ಬಹಳ ಮಂದಿಗೆ, ಇಂಥದೊಂದು ಷರತ್ತನ್ನು ಯಾರು, ಯಾವ ಕೆಲಸಕ್ಕಾಗಿ ಮುಂದಿಟ್ಟರು ಎಂಬುದು ತಿಳಿದಿರುವುದಿಲ್ಲ. ಈ ವ್ಯಾಖ್ಯೆ ಒಂದೇ ಏಟಿಗೆ ಹುಟ್ಟಿದ್ದಲ್ಲ. ಹಲವು ದಶಕಗಳ ಕಾಲ ಬೇರೆ ಬೇರೆ ವ್ಯಾಖ್ಯೆಗಳು ಈ ಒಂದೇ ಹೆಸರಿನಡಿ ಓಡಾಡಿದವು. ಅವುಗಳ ಪೈಕಿ ಹೆಚ್ಚು ಕೆಲಸಕ್ಕೆ ಬಂದದ್ದು ಕೊನೆಗೆ ನಿಂತಿತು. ಹಾಗೆ ನಿಂತದ್ದು ಏಕೆ ಎಂಬುದನ್ನು ತಿಳಿದುಕೊಂಡರೆ ಮಾತ್ರ ಇದನ್ನು ಬಳಸುವ ಬಗೆ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಮೂಲದಲ್ಲಿ ಇದ್ದದ್ದು ಟೊಪಾಲಜಿಯ ಪ್ರಶ್ನೆಯಲ್ಲ, ಕನಿಷ್ಠ ಬೆಲೆಯ ಪ್ರಶ್ನೆ. ಒಂದು ಪ್ರದೇಶದ ಅಂಚಿನ ಉದ್ದಕ್ಕೂ ಬೆಲೆಗಳನ್ನು ಕೊಟ್ಟಿದ್ದಾರೆ. ಒಳಗೆ ಲಾಪ್ಲಾಸ್ ಸಮೀಕರಣಕ್ಕೆ (ಪ್ರತಿ ಬಿಂದುವಿನ ಬೆಲೆ ಸುತ್ತಲಿನ ಬೆಲೆಗಳ ಸರಾಸರಿಯಾಗಿರಬೇಕು ಎಂಬ ಷರತ್ತಿಗೆ) ಒಳಪಟ್ಟು, ಅಂಚಿನಲ್ಲಿ ಆ ಬೆಲೆಗಳನ್ನೇ ತಾಳುವ ಫಂಕ್ಷನ್ ಒಂದು ಇದೆಯೇ? ರೀಮಾನ್ ತಮ್ಮ ಗುರು ಡಿರಿಕ್ಲೆಯ ಹೆಸರಿನಲ್ಲಿ ಬಳಸಿದ ವಾದ ಹೀಗಿತ್ತು: ಅಂಚಿನ ಬೆಲೆಗಳನ್ನು ಪಾಲಿಸುವ ಎಲ್ಲ ಫಂಕ್ಷನ್‌ಗಳನ್ನೂ ತೆಗೆದುಕೊಳ್ಳಿ, ಪ್ರತಿಯೊಂದಕ್ಕೂ ಶಕ್ತಿಯ ಸಮಾಕಲನವನ್ನು, ಅಂದರೆ ಇಳಿಜಾರಿನ ವರ್ಗವನ್ನು ಪ್ರದೇಶದಾದ್ಯಂತ ಕೂಡಿದ ಮೊತ್ತವನ್ನು, ಲೆಕ್ಕ ಹಾಕಿ. ಅದು ಎಂದಿಗೂ ಋಣವಾಗದು. ಆದ್ದರಿಂದ ಅದರ ಬೆಲೆ ಯಾವುದೋ ಒಂದು ಫಂಕ್ಷನ್‌ಗೆ ಅತಿ ಕಡಿಮೆಯಾಗಲೇಬೇಕು. ಆ ಫಂಕ್ಷನ್ನೇ ನಮಗೆ ಬೇಕಾದ ಉತ್ತರ. 1870ರಲ್ಲಿ ಬರ್ಲಿನ್ ಅಕಾಡೆಮಿಯ ಮುಂದೆ ವೈಯರ್‌ಸ್ಟ್ರಾಸ್ ಈ ವಾದದ ‘ಆಗಲೇಬೇಕು’ ಎಂಬ ಒಂದು ಪದವನ್ನು ಹಿಡಿದರು.

ಅವರು ಕೊಟ್ಟ ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಋಣ ಒಂದರಿಂದ ಧನ ಒಂದರವರೆಗಿನ ಅಂತರಾಳದ ಮೇಲೆ, ಎಡತುದಿಯಲ್ಲಿ ಸೊನ್ನೆಯೂ ಬಲತುದಿಯಲ್ಲಿ ಒಂದೂ ಬೆಲೆ ತಾಳುವ, ನಯವಾದ ಎಲ್ಲ ಫಂಕ್ಷನ್‌ಗಳನ್ನು ಪರಿಗಣಿಸೋಣ. ಪ್ರತಿ ಬಿಂದುವಿನಲ್ಲಿ ಆ ಬಿಂದುವನ್ನೂ ಅಲ್ಲಿನ ಇಳಿಜಾರನ್ನೂ ಗುಣಿಸಿ, ಬಂದದ್ದನ್ನು ವರ್ಗ ಮಾಡಿ, ಇಡೀ ಅಂತರಾಳದ ಮೇಲೆ ಸಮಾಕಲಿಸೋಣ. ಫಂಕ್ಷನ್ ಬಹುತೇಕ ಎಲ್ಲೆಡೆ ಮಟ್ಟಸವಾಗಿದ್ದು, ನಡುವಿನ ಸೊನ್ನೆಯ ಆಸುಪಾಸಿನಲ್ಲಿ ಮಾತ್ರ ಥಟ್ಟನೆ ಏರುವಂತೆ ಮಾಡಿದರೆ, ಇಳಿಜಾರು ದೊಡ್ಡದಾಗಿರುವ ಕಡೆ ಗುಣಕ ಬಹಳ ಚಿಕ್ಕದಾಗಿರುತ್ತದೆ. ಏರನ್ನು ಕಡಿದಾಗಿಸುತ್ತ ಹೋದಷ್ಟೂ ಸಮಾಕಲನದ ಬೆಲೆ ಸೊನ್ನೆಗೆ ಹತ್ತಿರವಾಗುತ್ತ ಹೋಗುತ್ತದೆ. ಆದರೆ ಅದು ಸೊನ್ನೆಯೇ ಆಗಬೇಕಾದರೆ ಇಳಿಜಾರು ಎಲ್ಲೆಡೆ ಸೊನ್ನೆಯಾಗಬೇಕು, ಆಗ ಫಂಕ್ಷನ್ ಸ್ಥಿರವಾಗುತ್ತದೆ, ಎರಡು ತುದಿಗಳಲ್ಲಿ ಎರಡು ಬೆಲೆ ತಾಳಲಾರದು. ಅಂದರೆ ಸೊನ್ನೆ ಎಂಬ ಕೆಳ ಎಲ್ಲೆ ಇದೆ, ಅದರ ಬಳಿಗೆ ಬೇಕಾದಷ್ಟು ಸಾರಬಹುದು, ಮುಟ್ಟುವ ಫಂಕ್ಷನ್ ಮಾತ್ರ ಇಲ್ಲ. ಡಿರಿಕ್ಲೆಯ ತತ್ತ್ವಕ್ಕೆ ಮತ್ತೆ ಗಟ್ಟಿಯಾದ ಆಧಾರ ದೊರೆತದ್ದು 20ನೆಯ ಶತಮಾನದ ಹೊಸ್ತಿಲಲ್ಲಿ, ಹಿಲ್ಬರ್ಟ್ ಅವರಿಂದ. ಈ ಮೂವತ್ತು ವರ್ಷಗಳ ಅಂತರದಲ್ಲಿ ಗಣಿತಜ್ಞರ ಮುಂದಿದ್ದ ಪ್ರಶ್ನೆ ಇದು: ಯಾವ ಬಗೆಯ ಗಣಗಳ ಮೇಲೆ ‘ಕನಿಷ್ಠ ಬೆಲೆ ಇದ್ದೇ ಇರುತ್ತದೆ’ ಎಂದು ಧೈರ್ಯವಾಗಿ ಹೇಳಬಹುದು?

ಪರಿಮಿತ ಗಣದ ಮೇಲಾದರೆ ಪ್ರಶ್ನೆಯೇ ಏಳುವುದಿಲ್ಲ. ನೂರು ಸಂಖ್ಯೆಗಳ ಪೈಕಿ ಒಂದು ಅತಿ ಚಿಕ್ಕದಾಗಿರಲೇಬೇಕು. ಸಂಖ್ಯಾರೇಖೆಯ ಮೇಲೆ, ಎರಡೂ ತುದಿಗಳು ಸೇರಿದ ಅಂತರಾಳದಲ್ಲಿ ಪ್ರತಿ ಅವಿಚ್ಛಿನ್ನ (ಬೆಲೆ ಎಲ್ಲಿಯೂ ಜಿಗಿಯದ) ಫಂಕ್ಷನ್ನೂ ತನ್ನ ಕನಿಷ್ಠ ಬೆಲೆಯನ್ನು ತಲುಪುತ್ತದೆ ಎಂಬುದನ್ನು ವೈಯರ್‌ಸ್ಟ್ರಾಸ್ ತಮ್ಮ ಬರ್ಲಿನ್ ಉಪನ್ಯಾಸಗಳಲ್ಲಿ ತೋರಿಸಿದ್ದರು. ಅದಕ್ಕೆ ಅವರು ಬಳಸಿದ್ದು, ಎಲ್ಲೆಯುಳ್ಳ ಅನಂತ ಗಣಕ್ಕೆ ಸೀಮಾಬಿಂದುವೊಂದು, ಅಂದರೆ ಎಷ್ಟೇ ಸಮೀಪದಲ್ಲೂ ಗಣದ ಬೇರೆ ಬಿಂದುಗಳಿರುವ ಬಿಂದುವೊಂದು, ಇರಲೇಬೇಕು ಎಂಬ ಮಾತು. ಇದರ ಹಿಂದಿನ ಯುಕ್ತಿಯ ಬೇರುಗಳನ್ನು ಪ್ರಾಗ್‌ನ ಬೊಲ್ಜಾನೊ 1817ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಾಣಬಹುದಾದ್ದರಿಂದ ಪ್ರಮೇಯಕ್ಕೆ ಇಬ್ಬರ ಹೆಸರೂ ಉಳಿದಿದೆ. 1872ರಲ್ಲಿ ಹೈನೆ ಅಂಥ ಅಂತರಾಳದ ಮೇಲಿನ ಅವಿಚ್ಛಿನ್ನ ಫಂಕ್ಷನ್ ಏಕರೂಪವಾಗಿಯೂ (ಎಲ್ಲ ಬಿಂದುಗಳಲ್ಲೂ ಒಂದೇ ಅಳತೆಯಲ್ಲಿ) ಅವಿಚ್ಛಿನ್ನ ಎಂದು ಸಾಧಿಸಿದರು. 1895ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಎಮೀಲ್ ಬೊರೆಲ್, ಅಂತರಾಳವನ್ನು ಹೊದಿಸುವ ಎಣಿಸಬಲ್ಲ (ಒಂದನೆಯದು, ಎರಡನೆಯದು ಎಂದು ಪಟ್ಟಿ ಮಾಡಬಹುದಾದ) ಅನಂತ ಸಂಖ್ಯೆಯ ತೆರೆದ ಅಂತರಾಳಗಳ ಪೈಕಿ ಪರಿಮಿತ ಸಂಖ್ಯೆಯವು ಸಾಕು ಎಂದು ತೋರಿಸಿದರು. ‘ಎಣಿಸಬಲ್ಲ’ ಎಂಬ ಷರತ್ತನ್ನು ಬಿಟ್ಟುಕೊಟ್ಟು ಪ್ರಮೇಯವನ್ನು ಹಿಗ್ಗಿಸಿದವರಲ್ಲಿ ಲೆಬೆಗ್ ಮುಖ್ಯರು. ಇದನ್ನು ನಾವು ಹೈನೆ–ಬೊರೆಲ್ ಪ್ರಮೇಯ ಎಂದು ಕರೆಯುತ್ತೇವೆ, ಆದರೆ ಹೈನೆ ಹೊದಿಕೆಯ ಮಾತನ್ನು ಎತ್ತಿಯೇ ಇರಲಿಲ್ಲ.

ಈ ಪ್ರಮೇಯದ ಸಾಧನೆಯನ್ನು ಇಲ್ಲಿ ಪೂರ್ತಿಯಾಗಿ ಹೇಳುತ್ತೇನೆ, ಏಕೆಂದರೆ ಕಾಂಪ್ಯಾಕ್ಟ್ ಗುಣ ಎಲ್ಲಿಂದ ಬರುತ್ತದೆ ಎಂಬುದು ಇದರಲ್ಲೇ ಕಾಣುತ್ತದೆ. ಸೊನ್ನೆಯಿಂದ ಒಂದರವರೆಗಿನ, ತುದಿಗಳು ಸೇರಿದ ಅಂತರಾಳವನ್ನು ತೆರೆದ ಗಣಗಳಿಂದ ಹೊದಿಸಿದೆ ಎಂದುಕೊಳ್ಳಿ. ಸೊನ್ನೆಯಿಂದ ‘ಕ್ಷ’ದವರೆಗಿನ ಭಾಗವನ್ನು ಹೊದಿಸಲು ಆ ಗಣಗಳಲ್ಲಿ ಪರಿಮಿತ ಸಂಖ್ಯೆಯವು ಸಾಕಾದರೆ ‘ಕ್ಷ’ವನ್ನು ಒಳ್ಳೆಯ ಬಿಂದು ಎನ್ನೋಣ. ಸೊನ್ನೆ ಒಳ್ಳೆಯ ಬಿಂದು, ಅದಕ್ಕೆ ಒಂದೇ ಗಣ ಸಾಕು. ಒಳ್ಳೆಯ ಬಿಂದುಗಳೆಲ್ಲದರ ಅತಿ ಬಿಗಿಯಾದ ಮೇಲಿನ ಎಲ್ಲೆ ‘ಸ’ ಆಗಿರಲಿ. ಹೊದಿಕೆಯ ಯಾವುದೋ ಒಂದು ತೆರೆದ ಗಣ ‘ಸ’ವನ್ನು ಒಳಗೊಂಡಿರುತ್ತದೆ, ಮತ್ತು ತೆರೆದದ್ದಾದ್ದರಿಂದ ‘ಸ’ದ ಎರಡೂ ಬದಿಗೆ ಸ್ವಲ್ಪ ದೂರ ಚಾಚಿರುತ್ತದೆ. ‘ಸ’ದ ಎಡಕ್ಕೆ, ಆ ಚಾಚಿನೊಳಗೆ, ಅಥವಾ ‘ಸ’ದಲ್ಲೇ, ಒಳ್ಳೆಯ ಬಿಂದುವೊಂದು ಇದ್ದೇ ಇದೆ, ಅಲ್ಲಿಯವರೆಗೆ ಸಾಕಾದ ಪರಿಮಿತ ಗಣಗಳಿಗೆ ಈ ಒಂದು ಗಣವನ್ನು ಸೇರಿಸಿದರೆ ‘ಸ’ವೂ ಒಳ್ಳೆಯದಾಗುತ್ತದೆ, ಅದರಾಚೆಯ ಕೆಲವು ಬಿಂದುಗಳೂ ಒಳ್ಳೆಯವಾಗುತ್ತವೆ. ‘ಸ’ ಒಂದಕ್ಕಿಂತ ಕಡಿಮೆಯಾಗಿದ್ದರೆ ಇದು ‘ಸ’ ಮೇಲಿನ ಎಲ್ಲೆ ಎಂಬುದಕ್ಕೇ ವಿರೋಧ. ಆದ್ದರಿಂದ ‘ಸ’ ಎಂದರೆ ಒಂದೇ, ಸಾಧನೆ ಮುಗಿಯಿತು.

ಇಲ್ಲಿ ನಡೆದದ್ದನ್ನು ಗಮನಿಸಿ. ಒಂದೊಂದು ಬಿಂದುವಿನ ನೆರೆಹೊರೆಯ ಬಗೆಗಷ್ಟೇ ನಮಗೆ ಗೊತ್ತಿದ್ದ ಸಂಗತಿ ಇಡೀ ಅಂತರಾಳದ ಬಗೆಗಿನ ಸಂಗತಿಯಾಗಿ ಮಾರ್ಪಟ್ಟಿತು. ಕಾಂಪ್ಯಾಕ್ಟ್ ಗುಣದ ಉಪಯೋಗವೆಲ್ಲ ಇದೇ ಮಾದರಿಯದು. ಒಂದು ಅವಿಚ್ಛಿನ್ನ ಫಂಕ್ಷನ್ ಪ್ರತಿ ಬಿಂದುವಿನ ಸುತ್ತಲಿನ ಯಾವುದೋ ತೆರೆದ ಗಣದ ಮೇಲೆ ಎಲ್ಲೆ ಮೀರುವುದಿಲ್ಲ. ಆ ತೆರೆದ ಗಣಗಳು ಸ್ಪೇಸನ್ನು ಹೊದಿಸುತ್ತವೆ. ಸ್ಪೇಸ್ ಕಾಂಪ್ಯಾಕ್ಟ್ ಆದರೆ ಅವುಗಳಲ್ಲಿ ಪರಿಮಿತ ಸಂಖ್ಯೆಯವು ಸಾಕು. ಪರಿಮಿತ ಸಂಖ್ಯೆಯ ಎಲ್ಲೆಗಳ ಪೈಕಿ ಅತಿ ದೊಡ್ಡದು ಇಡೀ ಸ್ಪೇಸಿಗೆ ಎಲ್ಲೆಯಾಗುತ್ತದೆ. ಎಡತುದಿಯ ಸೊನ್ನೆಯನ್ನು ಬಿಟ್ಟು, ಸೊನ್ನೆಯಿಂದ ಒಂದರವರೆಗಿನ ಅಂತರಾಳವನ್ನು ತೆಗೆದುಕೊಂಡರೆ ಈ ವಾದ ನಡೆಯುವುದಿಲ್ಲ. ಅರ್ಧಕ್ಕಿಂತ ಹೆಚ್ಚಿನ ಬಿಂದುಗಳ ಗಣ, ಮೂರನೇ ಒಂದಕ್ಕಿಂತ ಹೆಚ್ಚಿನವುಗಳ ಗಣ, ನಾಲ್ಕನೇ ಒಂದಕ್ಕಿಂತ ಹೆಚ್ಚಿನವುಗಳ ಗಣ, ಹೀಗೆ ಸಾಗುವ ತೆರೆದ ಗಣಗಳು ಒಟ್ಟಾಗಿ ಅದನ್ನು ಹೊದಿಸುತ್ತವೆ, ಆದರೆ ಅವುಗಳಲ್ಲಿ ಎಷ್ಟೇ ಪರಿಮಿತ ಸಂಖ್ಯೆಯವನ್ನು ಆರಿಸಿದರೂ ಸೊನ್ನೆಯ ಹತ್ತಿರದ ಬಿಂದುಗಳು ಹೊರಗುಳಿಯುತ್ತವೆ. ಒಂದನ್ನು ‘ಕ್ಷ’ದಿಂದ ಭಾಗಿಸುವ ಫಂಕ್ಷನ್ ಅಲ್ಲಿ ಎಲ್ಲೆಯಿಲ್ಲದೆ ಏರುವುದೂ ಇದೇ ಕಾರಣಕ್ಕೆ.

ನಮ್ಮ ತರಗತಿಗಳಲ್ಲಿ ರೂಢಿಯಾಗಿರುವ ಒಂದು ಪದ್ಧತಿಯ ಬಗ್ಗೆ ಈಗ ನನ್ನ ಅಸಮಾಧಾನವನ್ನು ಹೇಳಬೇಕು. ‘ಕಾಂಪ್ಯಾಕ್ಟ್ ಎಂದರೆ ಮುಚ್ಚಿದ ಮತ್ತು ಎಲ್ಲೆಯುಳ್ಳ ಗಣ’ ಎಂದು ಕಲಿಸಿ ಮುಂದೆ ಸಾಗುವುದುಂಟು (ಮುಚ್ಚಿದ ಗಣವೆಂದರೆ ತನ್ನ ಸೀಮಾಬಿಂದುಗಳನ್ನೆಲ್ಲ ಒಳಗೊಂಡದ್ದು). ಸಂಖ್ಯಾರೇಖೆಗೆ, ಸಮತಲಕ್ಕೆ, ಯಾವುದೇ ಪರಿಮಿತ ಆಯಾಮದ ಯೂಕ್ಲಿಡ್ ಸ್ಪೇಸಿಗೆ ಇದು ನಿಜವಾದ ಪ್ರಮೇಯ, ಆದರೆ ವ್ಯಾಖ್ಯೆಯಲ್ಲ. ಮೇಲಿನ ಸಾಧನೆಯಲ್ಲಿ ನಾವು ಅತಿ ಬಿಗಿಯಾದ ಮೇಲಿನ ಎಲ್ಲೆ ಇದೆ ಎಂಬುದನ್ನು ಬಳಸಿದೆವು, ಅದು ವಾಸ್ತವ ಸಂಖ್ಯೆಗಳ ವಿಶೇಷ ಗುಣ. ಭಾಗಲಬ್ಧ ಸಂಖ್ಯೆಗಳನ್ನಷ್ಟೇ ಇಟ್ಟುಕೊಂಡರೆ, ಸೊನ್ನೆಯಿಂದ ಒಂದರವರೆಗಿನ ಭಾಗಲಬ್ಧಗಳ ಗಣ ಆ ಲೋಕದಲ್ಲಿ ಮುಚ್ಚಿದ್ದೂ ಹೌದು, ಎಲ್ಲೆಯುಳ್ಳದ್ದೂ ಹೌದು, ಕಾಂಪ್ಯಾಕ್ಟ್ ಮಾತ್ರ ಅಲ್ಲ: ಅರ್ಧದ ವರ್ಗಮೂಲ ಅಲ್ಲಿ ಇಲ್ಲದ್ದರಿಂದ, ಅದರಿಂದ ಇರುವ ದೂರದಿಂದ ಒಂದನ್ನು ಭಾಗಿಸುವ ಫಂಕ್ಷನ್ ಆ ಗಣದ ಮೇಲೆ ಅವಿಚ್ಛಿನ್ನವಾಗಿದ್ದೂ ಎಲ್ಲೆ ಮೀರುತ್ತದೆ. ಇನ್ನೂ ಒಂದು ಮಾತು: ‘ಮುಚ್ಚಿದ’ ಎಂಬುದು ಸುತ್ತಲಿನ ಸ್ಪೇಸ್ ಯಾವುದು ಎಂಬುದರ ಮೇಲೆ ನಿಂತ ಗುಣ. ಕಾಂಪ್ಯಾಕ್ಟ್ ಎಂಬುದು ಹಾಗಲ್ಲ. ಒಂದು ಗಣ ತನ್ನ ಟೊಪಾಲಜಿಯೊಡನೆ ಕಾಂಪ್ಯಾಕ್ಟ್ ಆಗಿದ್ದರೆ ಅದನ್ನು ಯಾವ ದೊಡ್ಡ ಸ್ಪೇಸಿನೊಳಗೆ ಕೂರಿಸಿದರೂ ಕಾಂಪ್ಯಾಕ್ಟ್ ಆಗಿಯೇ ಇರುತ್ತದೆ.

ಅನಂತ ಆಯಾಮಕ್ಕೆ ಹೋದಾಗ ವ್ಯತ್ಯಾಸ ಇನ್ನಷ್ಟು ನಿಚ್ಚಳವಾಗುತ್ತದೆ. ಉದ್ದವನ್ನೂ ಕೋನವನ್ನೂ ಅಳೆಯಬಹುದಾದ ಅನಂತ ಆಯಾಮದ ಹಿಲ್ಬರ್ಟ್ ಸ್ಪೇಸಿನಲ್ಲಿ ಒಂದಕ್ಕೊಂದು ಲಂಬವಾದ, ಉದ್ದ ಒಂದಾಗಿರುವ ಅನಂತ ಸಂಖ್ಯೆಯ ಸದಿಶಗಳಿವೆ. ಯಾವ ಎರಡನ್ನು ತೆಗೆದುಕೊಂಡರೂ ಅವುಗಳ ನಡುವಿನ ದೂರ ಎರಡರ ವರ್ಗಮೂಲ. ಪರಸ್ಪರ ಇಷ್ಟು ದೂರ ಕಾಯ್ದುಕೊಂಡ ಬಿಂದುಗಳಿಗೆ ಸೀಮಾಬಿಂದು ಇರಲಾರದು. ಆದ್ದರಿಂದ ಅಲ್ಲಿನ ಏಕಮಾನ ಗೋಳ ಮುಚ್ಚಿದ್ದು, ಎಲ್ಲೆಯುಳ್ಳದ್ದು, ಆದರೆ ಕಾಂಪ್ಯಾಕ್ಟ್ ಅಲ್ಲ. 1918ರಲ್ಲಿ ಹಂಗೇರಿಯ ಫ್ರಿಜೆಶ್ ರೀಸ್ ಇನ್ನೂ ಮುಂದೆ ಹೋಗಿ, ನಾರ್ಮ್ (ಸದಿಶಗಳ ಉದ್ದದ ಅಳತೆ) ಇರುವ ಸ್ಪೇಸಿನ ಏಕಮಾನ ಗೋಳ ಕಾಂಪ್ಯಾಕ್ಟ್ ಆಗುವುದು ಆಯಾಮ ಪರಿಮಿತವಾಗಿದ್ದಾಗ ಮಾತ್ರ ಎಂದು ತೋರಿಸಿದರು. ಫಂಕ್ಷನ್‌ಗಳ ಗಣ ಯಾವಾಗ ಕಾಂಪ್ಯಾಕ್ಟ್ ಆಗಬಲ್ಲದು ಎಂಬುದಕ್ಕೆ 19ನೆಯ ಶತಮಾನದ ಕೊನೆಯಲ್ಲೇ ಇಟಲಿಯ ಅಸ್ಕೋಲಿ ಮತ್ತು ಆರ್ಜೆಲಾ ಉತ್ತರ ಕಂಡುಕೊಂಡಿದ್ದರು: ಎಲ್ಲೆಯುಳ್ಳವಾಗಿದ್ದರೆ ಸಾಲದು, ಗಣದ ಎಲ್ಲ ಫಂಕ್ಷನ್‌ಗಳೂ ಒಂದೇ ಅಳತೆಯಲ್ಲಿ ಅವಿಚ್ಛಿನ್ನವಾಗಿರಬೇಕು. ವೈಯರ್‌ಸ್ಟ್ರಾಸ್ ಉದಾಹರಣೆಯಲ್ಲಿ ತಪ್ಪಿಹೋದದ್ದು ಇದೇ. ಅಲ್ಲಿ ಏರು ಕಡಿದಾಗುತ್ತಲೇ ಹೋಗುತ್ತಿತ್ತು, ಅದಕ್ಕೆ ತಡೆ ಇರಲಿಲ್ಲ.

‘ಕಾಂಪ್ಯಾಕ್ಟ್’ ಎಂಬ ಪದವನ್ನು ಗಣಿತಕ್ಕೆ ತಂದವರು ಫ್ರಾನ್ಸಿನ ಮೋರಿಸ್ ಫ್ರೆಶೆ. 1906ರಲ್ಲಿ ಪ್ರಕಟವಾದ, ಅದಮಾರ್ ಅವರ ಮಾರ್ಗದರ್ಶನದಲ್ಲಿ ಬರೆದ ಪ್ರಬಂಧದಲ್ಲಿ ಅವರು ಫಂಕ್ಷನ್‌ಗಳನ್ನೂ ವಕ್ರರೇಖೆಗಳನ್ನೂ ಬಿಂದುಗಳೆಂದೇ ಭಾವಿಸಿ, ಅವುಗಳ ನಡುವೆ ದೂರವನ್ನು ಅಳೆಯುವ ಅಮೂರ್ತ ಸ್ಪೇಸುಗಳನ್ನು ಕಟ್ಟಿದರು. ಕನಿಷ್ಠ ಬೆಲೆಯ ಪ್ರಮೇಯ ಅಲ್ಲಿಯೂ ನಡೆಯಬೇಕಾದರೆ ಏನು ಬೇಕು ಎಂದು ಕೇಳಿಕೊಂಡು, ತನ್ನ ಪ್ರತಿ ಅನಂತ ಉಪಗಣಕ್ಕೂ ಸೀಮಾಬಿಂದು ಇರುವ ಗಣವನ್ನು ಕಾಂಪ್ಯಾಕ್ಟ್ ಎಂದು ಕರೆದರು. ಆ ಸೀಮಾಬಿಂದು ಗಣದ ಒಳಗೇ ಇರಬೇಕೆಂದು ಅವರು ಕೇಳಲಿಲ್ಲ. ಆದ್ದರಿಂದ ಅವರ ಅರ್ಥದಲ್ಲಿ ತುದಿಗಳಿಲ್ಲದ ಅಂತರಾಳವೂ ಸಂಖ್ಯಾರೇಖೆಯ ಕಾಂಪ್ಯಾಕ್ಟ್ ಉಪಗಣವೇ. ಇಂದು ಅದನ್ನು ‘ರಿಲೆಟಿವ್ಲಿ ಕಾಂಪ್ಯಾಕ್ಟ್’ ಎನ್ನುತ್ತೇವೆ. ಹಳೆಯ ಲೇಖನಗಳನ್ನು ಓದುವವರು ಇದನ್ನು ಮರೆತರೆ, ನೆಟ್ಟಗಿರುವ ಪ್ರಮೇಯವೇ ತಪ್ಪೆಂದು ತೋರುತ್ತದೆ.

ಹೀಗೆ ಮೂರು ಅಳತೆಗೋಲುಗಳು ಜೊತೆಜೊತೆಗೆ ಚಾಲ್ತಿಯಲ್ಲಿದ್ದವು: ಅನಂತ ಉಪಗಣಕ್ಕೆ ಸೀಮಾಬಿಂದು ಇರುವುದು, ಪ್ರತಿ ಅನುಕ್ರಮದಲ್ಲೂ ಒಂದು ಬಿಂದುವಿಗೆ ಸಾಗುವ ಉಪಾನುಕ್ರಮ ಇರುವುದು, ಪ್ರತಿ ತೆರೆದ ಹೊದಿಕೆಯಲ್ಲೂ ಪರಿಮಿತ ಉಪಹೊದಿಕೆ ಇರುವುದು. ದೂರವನ್ನು ಅಳೆಯಬಲ್ಲ ಸ್ಪೇಸುಗಳಲ್ಲಿ ಮೂರೂ ಒಂದೇ. ಅವು ಬೇರೆಯಾಗುವುದು ದೂರದ ಆಸರೆಯಿಲ್ಲದ ಟೊಪಾಲಜಿಯಲ್ಲಿ. ಮಾಸ್ಕೋದ ಅಲೆಕ್ಸಾಂಡ್ರೊಫ್ ಮತ್ತು ಉರಿಸೋನ್ 1920ರ ದಶಕದ ಆರಂಭದಲ್ಲಿ ಹೊದಿಕೆಯ ಗುಣವನ್ನು ಪ್ರತ್ಯೇಕವಾಗಿ ಎತ್ತಿಹಿಡಿದು ‘ಬೈಕಾಂಪ್ಯಾಕ್ಟ್’ ಎಂದು ಹೆಸರಿಟ್ಟರು. 1924ರ ಆಗಸ್ಟ್‌ನಲ್ಲಿ ಬ್ರಿಟನಿಯ ಕಡಲಲ್ಲಿ ಈಜುವಾಗ ಮುಳುಗಿ ತೀರಿಕೊಂಡಾಗ ಉರಿಸೋನ್‌ಗೆ ಇನ್ನೂ 26 ವರ್ಷ. ಇಬ್ಬರ ಕೆಲಸದ ವಿಸ್ತಾರವಾದ ಬರಹ 1929ರಲ್ಲಿ ಹೊರಬಂದಿತು.

ಹೊದಿಕೆಯ ವ್ಯಾಖ್ಯೆಯೇ ಏಕೆ ಗೆದ್ದಿತು? ಅದರ ಹಿಂದಿರುವ ಮುಖ್ಯ ಕಾರಣ ಟಿಖೊನೊಫ್ ಅವರ ಪ್ರಮೇಯ. ಕಾಂಪ್ಯಾಕ್ಟ್ ಸ್ಪೇಸುಗಳನ್ನು ಎಷ್ಟು ಬೇಕಾದರೂ, ಎಣಿಕೆಗೆ ನಿಲುಕದಷ್ಟಾದರೂ, ಒಟ್ಟುಗೂಡಿಸಿ ಗುಣಲಬ್ಧ ಸ್ಪೇಸನ್ನು (ಪ್ರತಿ ಸ್ಪೇಸಿನಿಂದ ಒಂದೊಂದು ಬಿಂದುವನ್ನು ಆರಿಸಿ ಮಾಡಿದ ಪಟ್ಟಿಗಳೇ ಇದರ ಬಿಂದುಗಳು) ಕಟ್ಟಿದರೆ ಅದೂ ಕಾಂಪ್ಯಾಕ್ಟ್. 1930ರಲ್ಲಿ ಅವರು ಇದನ್ನು ಅಂತರಾಳಗಳ ಗುಣಲಬ್ಧಕ್ಕೆ ಸಾಧಿಸಿದರು, 1935ರಲ್ಲಿ ಸಾಮಾನ್ಯ ರೂಪವನ್ನು ಹೇಳಿದರು, 1937ರಲ್ಲಿ ಚೆಕ್ ಅದಕ್ಕೆ ಪೂರ್ತಿ ಸಾಧನೆಯನ್ನು ಪ್ರಕಟಿಸಿದರು. ಅನುಕ್ರಮದ ವ್ಯಾಖ್ಯೆಯನ್ನು ಇಟ್ಟುಕೊಂಡಿದ್ದರೆ ಈ ಪ್ರಮೇಯ ಸುಳ್ಳಾಗುತ್ತಿತ್ತು. ಅದನ್ನು ನೋಡುವುದು ಕಷ್ಟವಲ್ಲ. ಸ್ವಾಭಾವಿಕ ಸಂಖ್ಯೆಗಳ ಪ್ರತಿಯೊಂದು ಉಪಗಣಕ್ಕೂ ಒಂದೊಂದು ಸ್ಥಾನ ಕೊಟ್ಟು, ಪ್ರತಿ ಸ್ಥಾನದಲ್ಲಿ ಸೊನ್ನೆಯೋ ಒಂದೋ ಇರುವ ಎಲ್ಲ ಬಿಂದುಗಳ ಸ್ಪೇಸನ್ನು ತೆಗೆದುಕೊಳ್ಳಿ. ಅದರಲ್ಲಿ ‘ನ’ನೆಯ ಬಿಂದುವನ್ನು ಹೀಗೆ ಬರೆಯೋಣ: ‘ಗ’ ಎಂಬ ಉಪಗಣದಲ್ಲಿ ‘ನ’ ಇದ್ದರೆ ‘ಗ’ದ ಸ್ಥಾನದಲ್ಲಿ ಒಂದು, ಇಲ್ಲದಿದ್ದರೆ ಸೊನ್ನೆ. ಈ ಅನುಕ್ರಮದಿಂದ ಯಾವುದೇ ಉಪಾನುಕ್ರಮವನ್ನು ಆರಿಸಿ. ಆರಿಸಿದ ಸಂಖ್ಯೆಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಹೆಕ್ಕಿದರೆ ಒಂದು ಉಪಗಣ ಸಿಗುತ್ತದೆ. ಆ ಉಪಗಣದ ಸ್ಥಾನದಲ್ಲಿ ನಿಮ್ಮ ಉಪಾನುಕ್ರಮ ಸೊನ್ನೆ, ಒಂದು, ಸೊನ್ನೆ, ಒಂದು ಎಂದು ತೂಗಾಡುತ್ತಲೇ ಇರುತ್ತದೆ, ಎಲ್ಲಿಯೂ ನೆಲೆ ನಿಲ್ಲುವುದಿಲ್ಲ. ಟಿಖೊನೊಫ್ ಪ್ರಮೇಯದ ಪ್ರಕಾರ ಸ್ಪೇಸ್ ಕಾಂಪ್ಯಾಕ್ಟ್. ಆದರೆ ಅದರ ಈ ಅನುಕ್ರಮಕ್ಕೆ ಒಂದು ಬಿಂದುವಿಗೆ ಸಾಗುವ ಉಪಾನುಕ್ರಮವೇ ಇಲ್ಲ. ಎಣಿಸಲಾಗದಷ್ಟು ಸ್ಥಾನಗಳಿರುವಾಗ ಅನುಕ್ರಮಗಳ ಬಲ ಸಾಲದು, ಹೊದಿಕೆಯ ಬಲ ಸಾಕಾಗುತ್ತದೆ.

ಈ ಪ್ರಮೇಯ ಟೊಪಾಲಜಿಯ ಹೊರಗೆ ಮಾಡಿದ ಕೆಲಸಗಳಲ್ಲಿ ನನಗೆ ಅತಿ ಪ್ರಿಯವಾದದ್ದು 1951ರಲ್ಲಿ ಡಿ ಬ್ರೌನ್ ಮತ್ತು ಎರ್ಡೋಶ್ ಪ್ರಕಟಿಸಿದ ಫಲಿತಾಂಶ: ಅನಂತ ಗ್ರಾಫ್ (ಬಿಂದುಗಳೂ ಅವುಗಳನ್ನು ಎರಡೆರಡಾಗಿ ಜೋಡಿಸುವ ಅಂಚುಗಳೂ ಇರುವ ರಚನೆ) ಒಂದರ ಪ್ರತಿ ಪರಿಮಿತ ಭಾಗಕ್ಕೂ, ಅಂಚಿನಿಂದ ಜೋಡಿಸಿದ ಬಿಂದುಗಳಿಗೆ ಬೇರೆ ಬೇರೆ ಬಣ್ಣ ಬರುವಂತೆ ಬಳಿಯಲು, ನಾಲ್ಕು ಬಣ್ಣಗಳು ಸಾಕಾದರೆ ಇಡೀ ಗ್ರಾಫಿಗೂ ನಾಲ್ಕು ಸಾಕು. ಪ್ರತಿ ಬಿಂದುವಿಗೂ ನಾಲ್ಕು ಬಣ್ಣಗಳ ಆಯ್ಕೆ ಇದೆ. ನಾಲ್ಕೇ ಬಿಂದುಗಳ ಸ್ಪೇಸ್ ಕಾಂಪ್ಯಾಕ್ಟ್ ಆದ್ದರಿಂದ ಎಲ್ಲ ಬಣ್ಣಗಾರಿಕೆಗಳ ಗುಣಲಬ್ಧ ಸ್ಪೇಸೂ ಕಾಂಪ್ಯಾಕ್ಟ್. ‘ಈ ಅಂಚಿನ ಎರಡು ತುದಿಗಳಿಗೆ ಒಂದೇ ಬಣ್ಣ ಕೂಡದು’ ಎಂಬ ಪ್ರತಿ ಷರತ್ತೂ ಅದರಲ್ಲಿ ಒಂದು ಮುಚ್ಚಿದ ಗಣವನ್ನು ಕೊಡುತ್ತದೆ. ಹೊದಿಕೆಯ ವ್ಯಾಖ್ಯೆಯನ್ನು ಪೂರಕ ಗಣಗಳ ಭಾಷೆಯಲ್ಲಿ ತಿರುಗಿಸಿ ಹೇಳಿದರೆ, ಮುಚ್ಚಿದ ಗಣಗಳ ಪೈಕಿ ಯಾವ ಪರಿಮಿತ ಗುಂಪಿಗೂ ಸಾಮಾನ್ಯ ಬಿಂದು ಇದ್ದರೆ ಎಲ್ಲಕ್ಕೂ ಸೇರಿ ಸಾಮಾನ್ಯ ಬಿಂದು ಇದೆ ಎಂದಾಗುತ್ತದೆ. ಪರಿಮಿತ ಸಂಖ್ಯೆಯ ಷರತ್ತುಗಳನ್ನು ಪಾಲಿಸಬಹುದೆಂದು ನಮಗೆ ಗೊತ್ತು. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಪಾಲಿಸುವ ಬಣ್ಣಗಾರಿಕೆ ಇದೆ. 1976ರಲ್ಲಿ ಆ್ಯಪೆಲ್ ಮತ್ತು ಹಾಕೆನ್ ಪರಿಮಿತ ನಕಾಶೆಗಳಿಗೆ ಸಾಧಿಸಿದ ನಾಲ್ಕು ಬಣ್ಣಗಳ ಪ್ರಮೇಯ ಅನಂತ ನಕಾಶೆಗಳಿಗೂ ಅನ್ವಯಿಸುವುದು ಹೀಗೆ. ತರ್ಕಶಾಸ್ತ್ರದಲ್ಲಿ ಗೋಡೆಲ್ 1930ರಲ್ಲಿ ಪ್ರಕಟಿಸಿದ, ಮಾಲ್ತ್ಸೆಫ್ 1936ರಲ್ಲಿ ಹಿಗ್ಗಿಸಿದ ಕಾಂಪ್ಯಾಕ್ಟ್‌ನೆಸ್ ಪ್ರಮೇಯದ ತಿರುಳೂ ಇದೇ: ಒಂದು ವಾಕ್ಯಸಮೂಹದ ಪ್ರತಿ ಪರಿಮಿತ ಭಾಗವೂ ಎಲ್ಲಾದರೂ ಒಂದೆಡೆ ನಿಜವಾಗಬಲ್ಲದಾದರೆ ಇಡೀ ಸಮೂಹವೂ ನಿಜವಾಗಬಲ್ಲದು.

ಬಳಕೆಯ ಗೊಂದಲ ಅಲ್ಲಿಗೆ ಮುಗಿಯಲಿಲ್ಲ. ಫ್ರಾನ್ಸಿನ ಬುರ್ಬಾಕಿ ಎಂಬ ಗಣಿತಜ್ಞರ ಬಳಗ ‘ಕಾಂಪ್ಯಾಕ್ಟ್’ ಪದಕ್ಕೆ ಹೊದಿಕೆಯ ಗುಣದ ಜೊತೆಗೆ ಹೌಸ್‌ಡಾರ್ಫ್ ಗುಣವನ್ನೂ, ಅಂದರೆ ಯಾವ ಎರಡು ಬಿಂದುಗಳನ್ನಾದರೂ ಒಂದಕ್ಕೊಂದು ತಾಗದ ತೆರೆದ ಗಣಗಳಿಂದ ಬೇರ್ಪಡಿಸಬಹುದು ಎಂಬ ಷರತ್ತನ್ನೂ ಸೇರಿಸಿತು. ಹೊದಿಕೆಯ ಗುಣವೊಂದೇ ಇದ್ದರೆ ಅದನ್ನು ‘ಕ್ವಾಸಿ-ಕಾಂಪ್ಯಾಕ್ಟ್’ ಎಂದಿತು. ಬೀಜಗಣಿತೀಯ ಜ್ಯಾಮಿತಿಯವರು ಈ ಭೇದವನ್ನು ಇಂದಿಗೂ ಬಿಟ್ಟಿಲ್ಲ, ಬಿಡದಿರುವುದಕ್ಕೆ ಸಕಾರಣವೂ ಇದೆ. ಬಹುಪದಿ ಸಮೀಕರಣಗಳ ಪರಿಹಾರಗಳ ಗಣಗಳನ್ನಷ್ಟೇ ಮುಚ್ಚಿದವೆಂದು ಎಣಿಸುವ ಅವರ ಜರಿಸ್ಕಿ ಟೊಪಾಲಜಿಯಲ್ಲಿ ತೆರೆದ ಗಣಗಳು ಎಷ್ಟು ದೊಡ್ಡವೆಂದರೆ, ಎತ್ತಲೂ ಕೊನೆಯಿಲ್ಲದೆ ಚಾಚಿದ ಸಮತಲಕ್ಕೂ ಹೊದಿಕೆಯ ಗುಣ ಬಂದುಬಿಡುತ್ತದೆ. ಆ ಗುಣದಿಂದ ‘ಯಾವ ಬಿಂದುವೂ ಓಡಿಹೋಗದು’ ಎಂಬ ಭರವಸೆ ಅಲ್ಲಿ ಸಿಗುವುದಿಲ್ಲ. ಆ ಭರವಸೆಗಾಗಿ ಅವರು ‘ಪ್ರಾಪರ್’ ಎಂಬ ಇನ್ನೊಂದು ಪರಿಕಲ್ಪನೆಯನ್ನು ಕಟ್ಟಿಕೊಂಡಿದ್ದಾರೆ. ಆದ್ದರಿಂದ ಒಂದು ಲೇಖನದಲ್ಲಿ ‘ಕಾಂಪ್ಯಾಕ್ಟ್’ ಎಂದು ಕಂಡಾಗ ಬರೆದವರು ಯಾವ ಪರಂಪರೆಯವರು, ಹೌಸ್‌ಡಾರ್ಫ್ ಗುಣವನ್ನು ಮೊದಲೇ ಒಪ್ಪಿಕೊಂಡಿದ್ದಾರೆಯೇ ಎಂದು ನೋಡಿಕೊಳ್ಳುವುದು ಓದುಗನ ಮೊದಲ ಕೆಲಸ. ಕಾಂಪ್ಯಾಕ್ಟ್ ಉಪಗಣ ಮುಚ್ಚಿದ್ದಾಗಿರುತ್ತದೆ ಎಂಬ ನಮ್ಮ ದಿನಬಳಕೆಯ ಮಾತು ಆ ಗುಣವಿಲ್ಲದೆ ಎಲ್ಲೆಡೆ ನಿಲ್ಲದು.

ಕಾಂಪ್ಯಾಕ್ಟ್ ಅಲ್ಲದ ಸ್ಪೇಸಿಗೆ ಬಿಂದುಗಳನ್ನು ಸೇರಿಸಿ ಕಾಂಪ್ಯಾಕ್ಟ್ ಮಾಡುವ ಕೆಲಸಕ್ಕೆ ನಮ್ಮ ದೇಶದಲ್ಲೇ ನಡೆದ ಉತ್ತಮ ಉದಾಹರಣೆಯಿದೆ. 1965ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ ಪ್ರಕಟಿಸಿದ ಪ್ರಮೇಯ ಕಾಂಪ್ಯಾಕ್ಟ್ ರೀಮಾನ್ ಮೇಲ್ಮೈಗಳ (ಸಂಕೀರ್ಣ ಸಂಖ್ಯೆಗಳ ಕಲನ ನಡೆಸಬಹುದಾದ ಮೇಲ್ಮೈಗಳ) ಮೇಲಿನ, ಪ್ರತಿ ಬಿಂದುವಿಗೂ ಸದಿಶ ಸ್ಪೇಸೊಂದನ್ನು ಅಂಟಿಸಿದ ರಚನೆಗಳಾದ ಸದಿಶ ಬಂಡಲ್‌ಗಳನ್ನು ಕುರಿತದ್ದು. ನರಸಿಂಹನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2021ರಲ್ಲಿ ಅಲ್ಲಿಯೇ ತೀರಿಕೊಂಡರು. ಮೇಲ್ಮೈಯ ಜೀನಸ್ (ಅದರಲ್ಲಿನ ತೂತುಗಳ ಸಂಖ್ಯೆ) ಎರಡು ಅಥವಾ ಹೆಚ್ಚಾಗಿದ್ದಾಗ, ಡಿಗ್ರಿ (ಬಂಡಲ್‌ನ ತಿರುಚನ್ನು ಅಳೆಯುವ ಪೂರ್ಣಾಂಕ) ಸೊನ್ನೆಯಾಗಿರುವ ಸ್ಥಿರ (ಒಳಗಿನ ಪ್ರತಿ ಚಿಕ್ಕ ಬಂಡಲ್‌ನ ಡಿಗ್ರಿ ಋಣವಾಗಿರುವ) ಬಂಡಲ್‌ಗಳಿಗೂ ಮೇಲ್ಮೈಯ ಮೂಲಭೂತ ಗ್ರೂಪಿನ (ಅದರ ಮೇಲಿನ ಕುಣಿಕೆಗಳಿಂದ ಸಿಗುವ ಗ್ರೂಪಿನ) ಒಡೆಯಲಾಗದ ಯೂನಿಟರಿ ನಿರೂಪಣೆಗಳಿಗೂ (ಉದ್ದವನ್ನು ಕಾಯುವ ಮಾತೃಕೆಗಳಾಗಿ ಅದನ್ನು ಬರೆಯುವ, ಚಿಕ್ಕ ತುಂಡುಗಳಾಗಿ ಬಿಡಿಸಲಾಗದ ಬಗೆಗಳಿಗೂ) ಒಂದಕ್ಕೊಂದರಂತೆ ಹೊಂದಾಣಿಕೆಯಿದೆ ಎಂಬುದು ಇವರಿಬ್ಬರ ಪ್ರಮೇಯದ ತಿರುಳು. ಮೂಲಭೂತ ಗ್ರೂಪನ್ನು ಜೀನಸ್ಸಿನ ಎರಡರಷ್ಟು ಜನಕಗಳೂ ಅವುಗಳ ನಡುವಿನ ಒಂದೇ ಸಂಬಂಧವೂ ನಿರ್ಧರಿಸುತ್ತವೆ. ಹಾಗಾಗಿ ಒಂದು ನಿರೂಪಣೆ ಎಂದರೆ ಆ ಸಂಬಂಧವನ್ನು ಪಾಲಿಸುವ ಅಷ್ಟು ಯೂನಿಟರಿ ಮಾತೃಕೆಗಳು. ಯೂನಿಟರಿ ಮಾತೃಕೆಗಳ ಗ್ರೂಪು, ಮಾತೃಕೆಗಳ ಪರಿಮಿತ ಆಯಾಮದ ಸ್ಪೇಸಿನಲ್ಲಿ ಮುಚ್ಚಿದ್ದು ಮತ್ತು ಎಲ್ಲೆಯುಳ್ಳದ್ದಾದ್ದರಿಂದ ಕಾಂಪ್ಯಾಕ್ಟ್; ಸಂಬಂಧವನ್ನು ಪಾಲಿಸುವವು ಅದರ ಗುಣಲಬ್ಧದ ಮುಚ್ಚಿದ ಉಪಗಣವಾದ್ದರಿಂದ ಅವೂ ಕಾಂಪ್ಯಾಕ್ಟ್. ಆದರೆ ಒಡೆಯಲಾಗದ ನಿರೂಪಣೆಗಳ ಅನುಕ್ರಮವೊಂದು ಸಾಗಿ ಸೇರುವ ನಿರೂಪಣೆ ಒಡೆಯುವಂಥದ್ದಾಗಿರಬಹುದು. ಅದಕ್ಕೇ ರ‍್ಯಾಂಕ್ (ಪ್ರತಿ ಬಿಂದುವಿಗೆ ಅಂಟಿದ ಸದಿಶ ಸ್ಪೇಸಿನ ಆಯಾಮ) ಎರಡು ಅಥವಾ ಹೆಚ್ಚಾದಾಗ ಸ್ಥಿರ ಬಂಡಲ್‌ಗಳ ಸ್ಪೇಸ್ ತಾನಾಗಿ ಕಾಂಪ್ಯಾಕ್ಟ್ ಆಗುವುದಿಲ್ಲ. 1967ರಲ್ಲಿ ಶೇಷಾದ್ರಿ ಒಡೆಯುವ ಯೂನಿಟರಿ ನಿರೂಪಣೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅವುಗಳಿಗೆ ಹೊಂದುವ ಅರೆಸ್ಥಿರ (ಒಳಗಿನ ಚಿಕ್ಕ ಬಂಡಲ್‌ಗಳ ಡಿಗ್ರಿ ಸೊನ್ನೆಯೂ ಆಗಬಹುದಾದ) ಬಂಡಲ್‌ಗಳನ್ನು, ಒಂದೇ ಬಗೆಯ ಸ್ಥಿರ ತುಂಡುಗಳಿಂದಾದವನ್ನು ಒಂದೇ ಎಂದು ಎಣಿಸುವ ನಿಯಮದೊಡನೆ, ಸೇರಿಸಿಕೊಂಡಾಗ ದೊರೆತ ಸ್ಪೇಸ್ ಕಾಂಪ್ಯಾಕ್ಟ್ ಮಾತ್ರವಲ್ಲ, ಪ್ರೊಜೆಕ್ಟಿವ್ ವೆರೈಟಿಯೂ (ಪ್ರೊಜೆಕ್ಟಿವ್ ಸ್ಪೇಸಿನೊಳಗೆ ಬಹುಪದಿ ಸಮೀಕರಣಗಳಿಂದ ವರ್ಣಿಸಬಹುದಾದದ್ದೂ) ಆಗಿರುವುದನ್ನು ಅವರು ಸಾಧಿಸಿದರು.